ಕಂಡಮ್ ಮಾಡಿದ್ದೀವಿ ಮೇಡಂ

ನಿನ್ನೆಯಿಂದ ತಲೆ ಕೆಟ್ಟು ಕೂತಿದೆ. ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ. ನಮ್ಮ ಯಜಮಾನರು "ಫೇಸ್‌ಬುಕ್ಕಿನಲ್ಲಿ ಬರೆದು ಹಾಕು, ನನ್ನ ಕಿವಿ ಬಿಡು" ಎಂದರು. ಸರಿ, ಈಗ ನಿಮ್ಮ ಸರದಿ.

ನಾನು 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿ ಸವೆದವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಯಾವ ಕಾಲೇಜು ಅಂತಲೂ ಕೆಲವರಿಗೆ ಗೊತ್ತು. ದಯವಿಟ್ಟು ಕಾಮೆಂಟಿನಲ್ಲಿ ಹೆಸರು ಹಾಕಬೇಡಿ. ಜಗಳ ಆಡಬೇಕಾದರೆ ನಾನೇ ಹೋಗಿ ಆಡುತ್ತೇನೆ.

ನಿನ್ನೆ ಜೊತೆಯಲ್ಲಿ ಕೆಲಸ ಮಾಡಿದವರೊಬ್ಬರ ಬೀಳ್ಕೊಡುಗೆ ಇತ್ತು. ಶಾಲು, ಮೈಸೂರು ಪೇಟ, ಬೆಳ್ಳಿ ಲೋಟ, ಕೇಸರಿಬಾತು, ಖಾರಾಬಾತು. ಎಲ್ಲ ಚೆನ್ನಾಗಿತ್ತು. ಕಾಫಿ ಹಿಡಿದುಕೊಂಡು ಹಳೇ ನೆನಪಿಗೆ ನಮ್ಮ ವಿಭಾಗದ ಕಡೆ ಹೋದೆ. ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಕಾಲು ಮುರಿದ ಸ್ಟೂಲುಗಳು, ಎರಡು ಸೆಂಟ್ರಿಫ್ಯೂಜು, ತುಕ್ಕು ಹಿಡಿದ ಆಟೋಕ್ಲೇವು. ಕೊನೆಯಲ್ಲಿ ನಮ್ಮ ಮೈನಸ್ 80 ಡಿಗ್ರಿ ಫ್ರೀಜರು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ನೀರು ಜಿನುಗಿ ನೆಲದ ಮೇಲೆ ಹರಿದಿತ್ತು. ಯಾರೂ ಜಾರಿ ಬೀಳಬಾರದು ಅಂತ ಪುಣ್ಯಾತ್ಮರು ಒಂದು ಗೋಣಿಚೀಲ ಹಾಸಿದ್ದರು.

ಬಗ್ಗಿ ನೋಡಿದೆ. ಖಾಲಿ ಇರಲಿಲ್ಲ. ಕೆಳಗಿನ ಎರಡು ಅರೆಗಳಲ್ಲಿ ಬಾಕ್ಸುಗಳು ಹಾಗೇ ಇದ್ದವು. ರಟ್ಟಿನ ಬಾಕ್ಸು, ಒಂದೊಂದರಲ್ಲಿ 81 ಮನೆ, ಮನೆಗೊಂದು ಕಿರುಬೆರಳಷ್ಟು ಕ್ರಯೋವಯಲ್, ಅಂದರೆ ಮಾದರಿ ತುಂಬಿಡುವ ಪುಟ್ಟ ಸೀಸೆ. ರಟ್ಟು ನೆನೆದು ಮುದ್ದೆಯಾಗಿತ್ತು. ಮುಚ್ಚಳದ ಮೇಲಿನ ಒಂದೆರಡು ನಂಬರು ನನ್ನದೇ ಕೈಬರಹ. ನಾನು ಏಳು ಬರೆದರೆ ಮಧ್ಯೆ ಒಂದು ಅಡ್ಡಗೆರೆ ಎಳೆಯುತ್ತೇನೆ, ಗುರುತು ಸಿಕ್ಕಿತು.

"ಏನಪ್ಪಾ ಇದು?" ಅಂತ ಅಟೆಂಡರ್ ಹುಡುಗನನ್ನು ಕೇಳಿದೆ.

"ಕಂಡಮ್ ಮಾಡಿದ್ದೀವಿ ಮೇಡಂ. ಗುಜರಿಯವರು ಸೋಮವಾರ ಬರ್ತಾರೆ." ಕಂಡಮ್ ಅಂದರೆ ಇನ್ನು ಉಪಯೋಗವಿಲ್ಲ ಅಂತ ಬರೆದು ಹಾಕುವುದು.

"ಒಳಗಡೆ ಇರೋದು?"

"ಅದೆಲ್ಲ ಹಳೆ ಸಾಮಾನು ಮೇಡಂ. ಸುಮ್ನೆ ಜಾಗ ತಿಂತಿತ್ತು."

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಮೇಲಿನವರು ಹೇಳಿದ್ದನ್ನೇ ಅವನು ಹೇಳಿದ. ಹಳೆ ಸಾಮಾನು! ಜ್ವರ ಅಂತ ಬಂದ ನೂರಾರು ಜನರ ಸೀರಂ ಅದು, ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹಳದಿ ನೀರು. ಕೆಲವರಿಗೆ ಡೆಂಗಿ, ಕೆಲವರಿಗೆ ಇಲಿಜ್ವರ, ಇನ್ನೆಷ್ಟೋ ಜನರಿಗೆ ಏನಂತಲೇ ಕೊನೆಗೂ ಗೊತ್ತಾಗಲಿಲ್ಲ. ಆ 'ಗೊತ್ತಾಗದವರ' ಬಾಕ್ಸನ್ನೇ ನಾವು ಜಾಸ್ತಿ ಜೋಪಾನ ಮಾಡುತ್ತಿದ್ದೆವು. ಮುಂದೆ ಹೊಸ ಟೆಸ್ಟ್ ಬಂದರೆ ತೆಗೆದು ನೋಡಬಹುದು ಅಂತ. ಇನ್ನೊಂದು ವಿಷಯ. ಎಸೆಯಲೇಬೇಕು ಅಂತಿದ್ದರೆ ಅದು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗಬೇಕು, ಗುಜರಿಗಲ್ಲ. ರೋಗಿಯ ರಕ್ತವನ್ನು ಮುರಿದ ಸ್ಟೂಲಿನ ಜೊತೆ ತೂಕಕ್ಕೆ ಹಾಕುವವರಿಗೆ ಏನು ಹೇಳುವುದು?

ನಮ್ಮ ಮನೆಗಳಲ್ಲಿ ಮೊಸರಿನ ಪಾತ್ರೆ ತೊಳೆಯುವ ಮುಂಚೆ ಹೆಪ್ಪಿಗೆ ಒಂದು ಚಮಚ ಎತ್ತಿಡುತ್ತೇವೆ. ಹಳೆ ಮೊಸರು ಜಾಗ ತಿಂತಿದೆ ಅಂತ ಯಾರೂ ಅನ್ನುವುದಿಲ್ಲ. ನಮ್ಮೂರಿನ ಪಶು ಆಸ್ಪತ್ರೆಯಲ್ಲಿ ಭಾರೀ ತಣ್ಣಗಿನ ದ್ರವ ನೈಟ್ರೋಜನ್ ತುಂಬಿದ ಕ್ಯಾನ್ ಇದೆ, ಅದರೊಳಗೆ ಹೋರಿಯ ವೀರ್ಯದ ಕಡ್ಡಿಗಳಿವೆ. ಅಲ್ಲಿಯ ಸಿಬ್ಬಂದಿಗೆ ನೈಟ್ರೋಜನ್ ಮುಗಿದರೆ ಏನಾಗುತ್ತೆ ಅಂತ ಯಾರೂ ಪಾಠ ಹೇಳಬೇಕಿಲ್ಲ. ಹಸು ಗಬ್ಬ ಕಟ್ಟದಿದ್ದರೆ ರೈತ ಬಂದು ಕೊರಳಪಟ್ಟಿ ಹಿಡಿಯುತ್ತಾನೆ. ನಮ್ಮ ಸೀರಂ ಹಾಳಾದರೆ ಕೊರಳಪಟ್ಟಿ ಹಿಡಿಯಲು ಯಾರು ಬರುತ್ತಾರೆ? ಅಷ್ಟೇ ವ್ಯತ್ಯಾಸ.

"20 ವರ್ಷದ ಹಿಂದಿನ ರಕ್ತ ಇಟ್ಟುಕೊಂಡು ಏನು ಮಾಡ್ತೀರಿ?" ಅಂತ ನನ್ನನ್ನು ಸರ್ವಿಸಿನಲ್ಲಿದ್ದಾಗಲೂ ಕೇಳಿದವರಿದ್ದಾರೆ. ದೊಡ್ಡ ಡಿಗ್ರಿಯವರೇ ಕೇಳಿದ್ದಾರೆ. ಆಗ ಉತ್ತರ ಕೊಡಲು ಬಾಯಿ ಬರುತ್ತಿರಲಿಲ್ಲ. ಈಗ ರಿಟೈರ್ ಆಗಿದ್ದೇನೆ, ಬಾಯಿ ಬಂದಿದೆ. ಕೇಳಿ.

1918ರ ಸೆಪ್ಟೆಂಬರಿನಲ್ಲಿ ಅಮೆರಿಕದ ದಕ್ಷಿಣ ಕೆರೊಲೈನಾದ ಸೇನಾ ಶಿಬಿರವೊಂದರಲ್ಲಿ 21 ವರ್ಷದ ಸಿಪಾಯಿಯೊಬ್ಬ ಫ್ಲೂ ಬಂದು ತೀರಿಕೊಂಡ. ಅವನ ಶ್ವಾಸಕೋಶದ ಒಂದು ಚೂರನ್ನು ಫಾರ್ಮಲಿನ್‌ನಲ್ಲಿ ಅದ್ದಿ, ಮೇಣದಲ್ಲಿ ಕೂರಿಸಿ, ಸೇನೆಯ ಉಗ್ರಾಣಕ್ಕೆ ಕಳಿಸಿದರು. ಆಗ ಅದು ವೈರಸ್ ಅಂತಲೇ ಯಾರಿಗೂ ತಿಳಿದಿರಲಿಲ್ಲ. ಡಿಎನ್‌ಎ, ಆರ್‌ಎನ್‌ಎ ಓದುವ ಮಾತಂತೂ ದೂರ. ಸುಮಾರು 80 ವರ್ಷ ಆ ಮೇಣದ ಬಿಲ್ಲೆ ಅಲ್ಲೇ ಕೂತಿತ್ತು. 1997ರಲ್ಲಿ ವಿಜ್ಞಾನಿ ಜೆಫ್ರಿ ಟಾಬೆನ್‌ಬರ್ಗರ್ ಅವರ ತಂಡ ಅದರಿಂದ ಆ ವೈರಸ್ಸಿನ ಜೀನುಗಳ ತುಣುಕುಗಳನ್ನು ಓದಿತು. ಆಮೇಲೆ ಅಲಾಸ್ಕದ ಹೆಪ್ಪುಗಟ್ಟಿದ ನೆಲದಲ್ಲಿ ಹೂತಿದ್ದ ಹೆಂಗಸೊಬ್ಬರ ಶ್ವಾಸಕೋಶವೂ ಸಿಕ್ಕಿ, 2005ರ ಹೊತ್ತಿಗೆ ಪೂರ್ತಿ ಜೀನೋಮ್ ಕೈಗೆ ಬಂತು. ಮಧ್ಯದಲ್ಲಿ ಯಾವನಾದರೂ ಸ್ಟೋರ್ ಕೀಪರ್ "ಜಾಗ ತಿಂತಿದೆ" ಅಂದಿದ್ದರೆ?

1959ರಲ್ಲಿ ಆಫ್ರಿಕಾದ ಕಾಂಗೋದ ಈಗಿನ ಕಿನ್ಶಾಸಾದಲ್ಲಿ ಯಾವುದೋ ಬೇರೆ ಅಧ್ಯಯನಕ್ಕೆ ತೆಗೆದ ರಕ್ತದಲ್ಲಿ ಎಚ್‌ಐವಿ ಇತ್ತು ಅಂತ ಆಮೇಲೆ ಗೊತ್ತಾಯಿತು. ಏಡ್ಸ್ ಅನ್ನುವ ಹೆಸರೇ ಹುಟ್ಟಿರದ ಕಾಲ ಅದು. ಆ ರಕ್ತವನ್ನೂ, 1960ರ ಇನ್ನೊಂದು ಮೇಣದ ಬಿಲ್ಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಈ ವೈರಸ್ ಮನುಷ್ಯರಲ್ಲಿ 20ನೇ ಶತಮಾನದ ಶುರುವಿನಿಂದಲೇ ಇತ್ತು ಎಂಬ ಲೆಕ್ಕ ಸಿಕ್ಕಿತು. ಎರಡು ಹಳೆ ಸಾಮಾನು, ಸ್ವಾಮಿ.

ದೂರದ ಮಾತು ಬೇಡ ಅಂದರೆ ನಮ್ಮ ಶಿವಮೊಗ್ಗಕ್ಕೇ ಬನ್ನಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೆ ಜ್ವರ ಬಂತು. ಅದೇ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿದರು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಅದೇ. ಅವತ್ತಿನ ವೈರಸ್ಸನ್ನು ಅವರು ಕಾಪಾಡಿಕೊಂಡೇ ಬಂದರು. ಅದಕ್ಕೇ 1957ರಿಂದ 2006ರವರೆಗಿನ 48 ವೈರಸ್ ಮಾದರಿಗಳನ್ನು ಒಟ್ಟಿಗೆ ಇಟ್ಟು, ಇಷ್ಟು ವರ್ಷಗಳಲ್ಲಿ ಇದು ಎಷ್ಟು ಬದಲಾಗಿದೆ ಅಂತ ನೋಡಲು ಸಾಧ್ಯವಾಯಿತು. ಅಷ್ಟೇನೂ ಬದಲಾಗಿಲ್ಲ ಅಂತ ಗೊತ್ತಾಯಿತು. ಮಂಗನ ಕಾಯಿಲೆಯ ಹಳೆ ಲಸಿಕೆ ಯಾಕೆ ಸರಿಯಾಗಿ ನಾಟಲಿಲ್ಲ ಅಂತ ಯೋಚಿಸುವವರಿಗೆ ಇದು ಸಣ್ಣ ಸುದ್ದಿಯಾ? ಮೊದಲ ವರ್ಷದ ವೈರಸ್ಸನ್ನು ಯಾರಾದರೂ ಕಂಡಮ್ ಮಾಡಿದ್ದರೆ ಹೋಲಿಸಲು ಏನಿರುತ್ತಿತ್ತು?

ನಮ್ಮಲ್ಲಿ ಮಾತ್ರ ಹೀಗೆ ಅಂತ ಹೇಳಿದರೆ ಸುಳ್ಳಾಗುತ್ತೆ. 2020ರಲ್ಲಿ ಅಮೆರಿಕದ ರೆನ್ಸೆಲರ್ ಎಂಬ ವಿದ್ಯಾಸಂಸ್ಥೆಯ ಲ್ಯಾಬಿನಲ್ಲಿ ಫ್ರೀಜರಿನ ಅಲಾರ್ಮ್ ಕೂಗುತ್ತಿತ್ತು. ರಿಪೇರಿಯವರು ಬರುವ ತನಕ ಯಾರೂ ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ದರು. ಕ್ಲೀನಿಂಗಿಗೆ ಬಂದಾತ ಆ ಶಬ್ದ ಕೇಳಿ ಬ್ರೇಕರನ್ನೇ ಕೆಳಗೆ ಮಾಡಿದ. 20 ವರ್ಷಕ್ಕೂ ಮೀರಿದ ಕೆಲಸ ನೀರಾಯಿತು, ಕೇಸು ಕೋರ್ಟಿಗೆ ಹೋಯಿತು. ವೈದ್ಯಕೀಯದ ನೊಬೆಲ್ ಬಹುಮಾನ ಕೊಡುವ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲೇ 2023ರ ಕ್ರಿಸ್ಮಸ್ ರಜೆಯಲ್ಲಿ 16 ಟ್ಯಾಂಕುಗಳಿಗೆ ನೈಟ್ರೋಜನ್ ನಿಂತಿತು. ಆ ಟ್ಯಾಂಕುಗಳು ನಾಲ್ಕು ದಿನ ತಡೆಯುತ್ತವೆ. ನಿಂತದ್ದು ಐದು ದಿನ. ರಕ್ತ ಕ್ಯಾನ್ಸರಿನ ಮೇಲೆ 30 ವರ್ಷದಿಂದ ಕೂಡಿಸಿದ್ದು ಹೋಯಿತು. ಆ ಸುದ್ದಿ ಓದಿದಾಗ ನನ್ನ ಕೈ ತಣ್ಣಗಾಗಿತ್ತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆದರೆ ಅವರ ಮತ್ತು ನಮ್ಮ ನಡುವೆ ಒಂದು ವ್ಯತ್ಯಾಸ ನೋಡಿ. ಅಲ್ಲಿ ಹೋಯಿತಲ್ಲ ಅಂತ ಬಾಯಿ ಬಡಿದುಕೊಂಡರು. ಇಲ್ಲಿ ಬೀಳ್ಕೊಡುಗೆಯ ಕೇಸರಿಬಾತು ತಿಂದರು.

ಈಗ ಕರೆಂಟ್ ಬಿಲ್ಲಿನ ಮಾತು ಬರುತ್ತೆ, ಗೊತ್ತು. ಮೈನಸ್ 80 ಫ್ರೀಜರು ಕರೆಂಟ್ ಕುಡಿಯುತ್ತೆ, ನಿಜ. ಜಾಗ ಬೇಕು, ನಿಜ. ಎಲ್ಲವನ್ನೂ ಶಾಶ್ವತವಾಗಿ ಇಡಲು ಆಗಲ್ಲ, ಅದೂ ನಿಜ, ನಾನೇನು ಹುಚ್ಚಿ ಅಲ್ಲ. ಆದರೆ ಆಡಿಟೋರಿಯಮ್ಮಿಗೆ ಹಾಕಿದ ಹೊಸ ಎಸಿಗಳನ್ನು ನಿನ್ನೆ ಎಣಿಸಿದೆ, ಹನ್ನೆರಡು ಇದ್ದವು. ಬಿಲ್ಲು ಅವಕ್ಕೆ ಬರಲ್ವಾ? ಇಟ್ಟುಕೊಳ್ಳಲು ಆಗದಿದ್ದರೆ ಇಟ್ಟುಕೊಳ್ಳುವವರಿಗೆ ಕೊಡಿ. ಬ್ಯಾಕ್ಟೀರಿಯಾ, ಬೂಷ್ಟು ಇಂಥವನ್ನು ಕೂಡಿಡಲೆಂದೇ ಚಂಡೀಗಢದಲ್ಲಿ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹ 1986ರಿಂದ ಇದೆ, ಪುಣೆಯಲ್ಲೂ ಒಂದು ಕೇಂದ್ರ ಇದೆ. ಸೀರಂ ಯಾರು ಇಟ್ಟುಕೊಳ್ಳುತ್ತಾರೆ ಅಂತ ಮೊದಲು ಒಂದು ಪತ್ರ ಬರೆದು ಕೇಳಬಹುದಿತ್ತು. ಗುಜರಿಯವನಿಗೆ ಫೋನ್ ಮಾಡಲು ಪುರುಸೊತ್ತು ಇತ್ತಲ್ಲ.

ನನ್ನ ತಂಗಿಯ ಮಗಳು ಲಾ ಓದುತ್ತಿದ್ದಾಳೆ. ಅವಳು ಬೇರೆ ಕಡೆಯಿಂದ ಹಿಡಿದಳು. "ದೊಡ್ಡಮ್ಮಾ, ಅವರನ್ನೆಲ್ಲ ಕೇಳಿ ಇಟ್ಟಿದ್ರಾ?" ಅಂದಳು. ಹೆನ್ರಿಯೆಟ್ಟಾ ಲ್ಯಾಕ್ಸ್ ಕಥೆ ಹೇಳಿದಳು. 1951ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಕೆಯ ಗೆಡ್ಡೆಯಿಂದ ಕೇಳದೆ ತೆಗೆದ ಜೀವಕೋಶಗಳು ಪ್ರಪಂಚದ ಲ್ಯಾಬುಗಳಲ್ಲೆಲ್ಲ ಬೆಳೆದವು. ಕಂಪನಿಗಳು ದುಡ್ಡು ಮಾಡಿದವು. ಒಂದು ಕಂಪನಿ ಮನೆಯವರ ಜೊತೆ ರಾಜಿ ಮಾಡಿಕೊಂಡದ್ದು 2023ರಲ್ಲಿ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಕಾಲದಲ್ಲಿ ಒಪ್ಪಿಗೆ ಪತ್ರ ಅಂದರೆ ಆಪರೇಷನ್ನಿಗೆ ಹೆಬ್ಬೆಟ್ಟು, ಅಷ್ಟೇ. ಆದರೆ ಪುಟ್ಟಿ, ಕೇಳದೆ ಇಟ್ಟದ್ದು ತಪ್ಪು ಅಂತಾದರೆ, ಕಾರಿಡಾರಿನಲ್ಲಿ ಕರಗಲು ಬಿಟ್ಟದ್ದು ಯಾವ ಸೆಕ್ಷನ್ನಿನಲ್ಲಿ ಸರಿ?

ಕೇಳಿ ಇಡುವುದೂ ನಮ್ಮಲ್ಲಿ ಆಗುತ್ತೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕು ಇದೆ. ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟ ಮೆದುಳುಗಳು. ಅಲ್ಲಿನ ಮ್ಯೂಸಿಯಮ್ಮಿಗೆ ಹೋದರೆ ಕೈಗೆ ಗ್ಲೌಸ್ ಹಾಕಿ ಹಿಡಿಯಲು ಕೊಡುತ್ತಾರೆ. ಹಿಡಿದು ನೋಡಿ ಒಮ್ಮೆ, ಅಂದುಕೊಂಡದ್ದಕ್ಕಿಂತ ಭಾರ ಇರುತ್ತೆ. ಜೀನೋಮ್ ಇಂಡಿಯಾದವರು ದೇಶದ ತುಂಬ ಕೂಡಿಸಿದ 20,000 ರಕ್ತದ ಮಾದರಿಗಳೂ ನಮ್ಮ ಬೆಂಗಳೂರಿನ ಐಐಎಸ್ಸಿ ಆವರಣದಲ್ಲೇ ಇವೆ. ಖುಷಿಯೇ. ಹೊಸದು ಕೂಡಿಸುವಾಗ ರಿಬ್ಬನ್ ಕತ್ತರಿಸಲು ಜನ ಸಿಗುತ್ತಾರೆ. ಇಪ್ಪತ್ತನೇ ವರ್ಷ ಭಾನುವಾರ ಮಧ್ಯಾಹ್ನ ಬಂದು ಟೆಂಪರೇಚರ್ ಬರೆದಿಡುವವರ ಫೋಟೋ ಯಾರೂ ತೆಗೆಯಲ್ಲ. ಆ ಕೆಲಸಕ್ಕೆ ಗುತ್ತಿಗೆ ಆಧಾರದ ಮೇಲೆ ಯಾರನ್ನೋ ಹಾಕಿರುತ್ತಾರೆ, ಅದೂ ಆರು ತಿಂಗಳ ಸಂಬಳ ಬಾಕಿ ಇಟ್ಟುಕೊಂಡು.

ಈಗ ನನ್ನ ವಿಷಯ. ಬರೆಯಲೋ ಬೇಡವೋ ಅಂತ ಎರಡು ಸಲ ಅಳಿಸಿದ್ದೇನೆ.

2004. ಆಯುಧಪೂಜೆ. ಎಲ್ಲ ಮೆಷಿನ್‌ಗಳಿಗೂ ಅರಿಶಿನ ಕುಂಕುಮ ಹಚ್ಚಿ, ಫ್ರೀಜರಿಗೆ ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ಪುರಿ ಹಂಚಿ ಲ್ಯಾಬಿಗೆ ಬೀಗ ಹಾಕಿದೆವು. ನಮ್ಮಲ್ಲಿ 35 ಲೀಟರಿನ ಒಂದು ನೈಟ್ರೋಜನ್ ಕ್ಯಾನ್ ಇತ್ತು. ಅದರಲ್ಲಿ ಎಷ್ಟು ಉಳಿದಿದೆ ಅಂತ ನೋಡಲು ಮೀಟರು ಗೀಟರು ಇರಲಿಲ್ಲ. ಒಂದು ಕಡ್ಡಿ ಅದ್ದಿ, ಹೊರಗೆ ತೆಗೆದು ಗಾಳಿಯಲ್ಲಿ ಆಡಿಸಬೇಕು. ಎಷ್ಟುದ್ದ ಬೆಳ್ಳಗೆ ಹಿಮ ಕೂರುತ್ತದೋ ಅಷ್ಟು ನೈಟ್ರೋಜನ್ ಇದೆ ಅಂತ ಲೆಕ್ಕ. ಅವತ್ತು ಕುಂಕುಮ ಇಡುವಾಗ ಕ್ಯಾನಿನ ಕತ್ತಿನ ಹತ್ತಿರ ಹೊರಗಡೆ ಬೆವರಿದ್ದು ಕಂಡೆ. ಹೊರಗೆ ಬೆವರಿದರೆ ಒಳಗಿನ ಎರಡು ಗೋಡೆಗಳ ಮಧ್ಯದ ವ್ಯಾಕ್ಯೂಮ್ ಹೋಗುತ್ತಿದೆ ಅಂತ ಅರ್ಥ. ನನಗೆ ಅದು ಗೊತ್ತಿತ್ತು. ಸಂಜೆ ನಾಲ್ಕಕ್ಕೆ ಊರಿಗೆ ಬಸ್ಸು ಬುಕ್ ಆಗಿತ್ತು. ಹಬ್ಬದ ಗಡಿಬಿಡಿಯಲ್ಲಿ ಯಾರೋ ನೀರು ಚೆಲ್ಲಿರಬೇಕು ಅಂತ ಅಂದುಕೊಂಡೆ. ಸೆರಗಿನಿಂದ ಒರೆಸಿ ಹೊರಟೆ.

ಐದು ದಿನ ಬಿಟ್ಟು ಬಂದು ಕಡ್ಡಿ ಅದ್ದಿದೆ. ಒಣಗಿದ ಕಡ್ಡಿ ಒಣಗಿದ ಹಾಗೇ ಬಂತು.

ಟೈಫಾಯ್ಡ್ ರೋಗಿಗಳಿಂದ ತೆಗೆದ 62 ಬ್ಯಾಕ್ಟೀರಿಯಾ ತಳಿಗಳು ಅದರಲ್ಲಿದ್ದವು. ಹದಿನಾಲ್ಕು ವರ್ಷದ ಕೂಡಿಕೆ. ಟೈಫಾಯ್ಡಿಗೆ ಕೊಡುತ್ತಿದ್ದ ಕ್ಲೋರಂಫೆನಿಕಾಲ್ ಔಷಧಿ ನಮ್ಮ ಕಡೆ ಯಾವಾಗ ಕೆಲಸ ಬಿಟ್ಟಿತು, ಯಾವಾಗ ಮತ್ತೆ ಹಿಡಿಯಲು ಶುರುವಾಯಿತು ಅಂತ ನಮ್ಮ ಊರಿನ ಮಟ್ಟಿಗೆ ಹೇಳಬಲ್ಲ ಸಾಕ್ಷಿ ಅದೊಂದೇ ಇತ್ತು. ಬೆವರಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. "ಕ್ಯಾನ್ ಹಳೆಯದು ಸರ್" ಅಂದೆ. ನಮ್ಮ ಸರ್ ಒಂದು ಮಾತೂ ಬೈಯಲಿಲ್ಲ. ರಿಜಿಸ್ಟರಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿಡಿ ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಹಳೆ ಸಾಮಾನು ಅಂದಾಗ ನನಗೆ ಉರಿಯುವುದು ಬರೀ ಅವರ ಮೇಲಲ್ಲ.

ನಿನ್ನೆ ಫ್ರೀಜರಿನ ಪಕ್ಕ ಎರಡು ಗೋಣಿಚೀಲ ಇದ್ದವು, ರದ್ದಿಗೆ. ಮೇಲೆಯೇ ನಮ್ಮ ರಿಜಿಸ್ಟರುಗಳು. ಯಾವ ನಂಬರಿನ ವಯಲ್ ಯಾರದು, ಯಾವ ವಾರ್ಡು, ಜ್ವರ ಎಷ್ಟನೇ ದಿನ, ಎಲ್ಲ ಅದರಲ್ಲೇ ಇರುವುದು. ಅದಿಲ್ಲದಿದ್ದರೆ ವಯಲ್‌ನಲ್ಲಿರುವುದು ಬರೀ ಹಳದಿ ನೀರು. "ಇದನ್ನು ತಗೊಳ್ಳಲಾ?" ಅಂದೆ. "ತಗೊಳ್ಳಿ ಮೇಡಂ, ತೂಕಕ್ಕೆ ಹಾಕೋದು ತಾನೇ" ಅಂದ. ಯಾರ ಸಹಿಯೂ ಬೇಕಾಗಲಿಲ್ಲ. ಅಷ್ಟು ಜನ ರೋಗಿಗಳ ಹೆಸರು, ಊರು, ವಯಸ್ಸು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಆಟೋ ಹತ್ತಿ ಮನೆಗೆ ಬಂತು.

ತೆರೆದು ನೋಡಿಲ್ಲ ಅಂದರೆ ನಂಬಬೇಡಿ. 2004 ಅಕ್ಟೋಬರಿನ ಪುಟ ಹುಡುಕಿದೆ. ಕೆಂಪು ಇಂಕು ಸ್ವಲ್ಪ ಮಾಸಿದೆ. 1ರಿಂದ 62, ಪ್ರತಿ ಸಾಲಿನ ಮುಂದೆ "ಇಲ್ಲ", "ಇಲ್ಲ", "ಇಲ್ಲ" ಅಂತ ಬರೆದಿದ್ದೇನೆ. ಮೇಲೆ ಒಂದು ಸಲ ಬರೆದು ಗೆರೆ ಎಳೆದಿದ್ದರೆ ಸಾಕಿತ್ತು. ಯಾಕೆ 62 ಸಲ ಬರೆದೆನೋ.

ಈಗ ರಿಜಿಸ್ಟರು ನಮ್ಮ ಫ್ರಿಡ್ಜಿನ ಮೇಲೆ ಇದೆ. ಯಜಮಾನರು ಎರಡು ಸಲ ಕೇಳಿದರು, ಇದನ್ನು ಎಲ್ಲಿ ಇಡ್ತೀಯ ಅಂತ. ಇಲ್ಲಿ ಇಡುವ ಹಾಗಿಲ್ಲ, ನನ್ನದಲ್ಲ ಅದು. ಸೋಮವಾರ ಗುಜರಿಯವನು ಬರುವ ಮುಂಚೆ ಒಂಬತ್ತು ಗಂಟೆಗೇ ಹೋಗುತ್ತೇನೆ. ಮೇಲಿನ ಆಫೀಸಿನಲ್ಲಿ ಕೂತು, ಎಷ್ಟು ಪುಟ ಇದೆ ಅಂತ ಅವರ ಎದುರೇ ಎಣಿಸಿ, ಸ್ವೀಕರಿಸಿದ್ದೇವೆ ಅಂತ ಸೀಲು ಸಹಿ ಹಾಕಿಸಿಕೊಳ್ಳುತ್ತೇನೆ. ಹಾಕದಿದ್ದರೆ ಅಲ್ಲೇ ಕೂರುತ್ತೇನೆ. ಊಟದ ಡಬ್ಬಿ ತಗೊಂಡೇ ಹೋಗುವುದು.