ಕರೆಂಟ್ ಕಂಪನಿಯ ಕಾಲ್ಚೆಂಡು

2020ರ ಏಪ್ರಿಲ್‌ನಲ್ಲಿ ಫುಟ್‌ಬಾಲ್ ಪ್ರೇಮಿಗಳಿಗೆ ಬರಗಾಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿಗೆ ಬೀಗ ಬಿದ್ದಿತ್ತು, ಸ್ಪೇನ್‌ಗೂ ಬೀಗ, ಇಟಲಿಯ ಕಥೆಯಂತೂ ಕೇಳಲೇಬೇಡಿ. ಬೆಲಾರೂಸ್, ನಿಕರಾಗುವಾ ಎಂದು ಬೆರಳೆಣಿಕೆಯ ದೇಶಗಳಲ್ಲಷ್ಟೇ ಚೆಂಡು ಉರುಳುತ್ತಿತ್ತು. ಅಂಥ ಹೊತ್ತಿನಲ್ಲಿ, ಏಪ್ರಿಲ್ 12ರಂದು, ತೈವಾನ್ ತನ್ನ ಲೀಗ್ ಶುರುಮಾಡಿತು. ಊರಿನವರೇ ತಿರುಗಿ ನೋಡದ ಆಟಕ್ಕೆ ಇದ್ದಕ್ಕಿದ್ದಂತೆ ಯುರೋಪಿನ ಪ್ರೇಕ್ಷಕರು ಸಿಕ್ಕರು. ಬಾಜಿ ಕಟ್ಟುವ ಚಟದವರು ಕಣ್ಣುಜ್ಜಿಕೊಂಡು ತಂಡಗಳ ಪಟ್ಟಿ ನೋಡಿದರು. ಒಂದು ವಿದ್ಯುತ್ ಕಂಪನಿ. ಒಂದು ರೈಸ್ ಕುಕ್ಕರ್ ಕಂಪನಿ. ಒಂದು ಉಕ್ಕಿನ ಕಂಪನಿ. ಎರಡು ವಿಶ್ವವಿದ್ಯಾಲಯ. ತೈಪೆಯಲ್ಲಿ ನೆಲೆಸಿದ್ದ ವಿದೇಶಿಗರು ಹವ್ಯಾಸಕ್ಕೆ ಕಟ್ಟಿಕೊಂಡ ರೆಡ್ ಲಯನ್ಸ್ ಕೂಡ ಆ ಎಂಟರಲ್ಲಿ ಒಂದು. ಷೇರುಪೇಟೆಯ ಪುಟ ತಪ್ಪಿ ಕ್ರೀಡಾಪುಟಕ್ಕೆ ಬಂದುಬಿಟ್ಟಿದೆಯೇನೋ ಎಂದು ಅವರಿಗೆ ಅನ್ನಿಸಿದ್ದರೆ ಅದು ಅವರ ತಪ್ಪಲ್ಲ.

ಈ ಪಟ್ಟಿಯಲ್ಲಿ ಹಿರಿಯಣ್ಣ ಎಂದರೆ ವಿದ್ಯುತ್ ಕಂಪನಿಯೇ. ತೈವಾನ್ ಪವರ್ ಕಂಪನಿ, ಊರವರ ಬಾಯಲ್ಲಿ ತೈಪವರ್. ಸರ್ಕಾರಿ ಸ್ವಾಮ್ಯದ್ದು. ಕಂಬ ನೆಡುವುದು, ತಂತಿ ಎಳೆಯುವುದು, ಬಿಲ್ ಕಳಿಸುವುದು ಇದರ ಮೂಲ ಕಸುಬು. ನಮ್ಮಲ್ಲಿ ಈಗಲೂ ಎಲ್ಲರೂ ಕೆಇಬಿ ಎಂದೇ ಕರೆಯುವ ಸಂಸ್ಥೆ ಮಾಡಬೇಕಾದ ಕೆಲಸವೇ. ಆದರೆ 1979ರಲ್ಲಿ ಈ ಕಂಪನಿ ದಕ್ಷಿಣದ ಬಂದರು ನಗರ ಕಾವೋಶಿಯುಂಗ್‌ನಲ್ಲಿ ಒಂದು ಫುಟ್‌ಬಾಲ್ ತಂಡವನ್ನೂ ಕಟ್ಟಿತು. ಯುರೋಪಿನಲ್ಲಿ ಕ್ಲಬ್ಬುಗಳು ಆಟಗಾರನನ್ನು ಕೊಳ್ಳುತ್ತವೆ. ಇಲ್ಲಿ ನೇಮಕ ಮಾಡಿಕೊಳ್ಳುತ್ತಾರೆ. ಆಡುವವರು ಕಂಪನಿಯ ಸಂಬಳದ ನೌಕರರು. ಮೊಣಕಾಲು ಕೈಕೊಟ್ಟ ಸ್ಟ್ರೈಕರ್‌ಗೆ ಕಚೇರಿಯಲ್ಲಿ ಒಂದು ಕುರ್ಚಿ ಉಳಿದಿರುತ್ತದೆ ಎಂಬ ಭರವಸೆಯನ್ನು ರಿಯಲ್ ಮ್ಯಾಡ್ರಿಡ್ ಕೂಡ ಕೊಡಲಾರದು.

ನಗುವ ಮುನ್ನ ಸುತ್ತಮುತ್ತ ಯಾರಿದ್ದರು ನೋಡಿ. 1983ರಲ್ಲಿ ದೇಶದ ಮೊದಲ ದರ್ಜೆಯ ಲೀಗ್ ಶುರುವಾದಾಗ ಕಪ್ ಎತ್ತಿದ್ದು ‘ಹಾರುವ ಒಂಟೆ’ ಎಂಬ ಹೆಸರಿನ ತಂಡ. ಅದು ಸೇನೆಯ ಸರಬರಾಜು ವಿಭಾಗದ್ದು. ಆಮೇಲೆ ಗೆದ್ದವರ ಸಾಲಿನಲ್ಲಿ ತೈಪೆ ಸಿಟಿ ಬ್ಯಾಂಕ್ ಇದೆ. ಹೀಗೆ ದಿನಸಿ ಸಾಗಿಸುವ ಸೈನಿಕರು, ಕ್ಯಾಷ್ ಕೌಂಟರಿನ ಗುಮಾಸ್ತರು ಮತ್ತು ಮೀಟರ್ ಬೋರ್ಡಿನವರು ಸೇರಿ ಒಂದು ದೇಶದ ಫುಟ್‌ಬಾಲನ್ನು ಹೆಗಲ ಮೇಲೆ ಹೊತ್ತಿದ್ದರು. ಬ್ಯಾಂಕಿಗೆ ಬೇರೆ ಕೆಲಸ ಬಂತು, ಒಂಟೆ ಹಾರಿಹೋಯಿತು. ಕರೆಂಟಿನವರು ಮಾತ್ರ ಕದಲಲಿಲ್ಲ. 1994ರಿಂದ 2004ರವರೆಗೆ ಲೀಗ್ ನಡೆದಾಗಲೆಲ್ಲ ಗೆದ್ದವರು ಅವರೇ, ಸಾಲಾಗಿ ಹತ್ತು ಸಲ. ಬೇರೆ ದೇಶಗಳಲ್ಲಿ ಇದಕ್ಕೆ ಸುವರ್ಣಯುಗ ಎನ್ನುತ್ತಾರೆ. ವಿದ್ಯುತ್ ವಲಯದಲ್ಲಿ ಇದಕ್ಕೆ ಏಕಸ್ವಾಮ್ಯ ಎಂದು ಹೆಸರು.

ಆ ಏಕಸ್ವಾಮ್ಯ ಮುರಿದವರು ಯಾರೆಂದರೆ, ತಾತುಂಗ್. ತೈವಾನಿನ ಯಾವ ಅಡುಗೆಮನೆಗೆ ಹೋದರೂ ಕಾಣುವ, 1960ರಲ್ಲಿ ಮಾರುಕಟ್ಟೆಗೆ ಬಂದ ವಿದ್ಯುತ್ ರೈಸ್ ಕುಕ್ಕರ್ ಮಾಡುವ ಕಂಪನಿ. 2005, 2006 ಎರಡೂ ವರ್ಷ ಕಪ್ ಇವರದು. ಮುಂದೆ 2013ರಲ್ಲಿ ಮತ್ತೊಮ್ಮೆ. ಹೀಗಾಗಿ ಸ್ಪೇನಿನವರಿಗೆ ಮ್ಯಾಡ್ರಿಡ್–ಬಾರ್ಸಿಲೋನಾ ಇದ್ದರೆ ತೈವಾನಿನವರಿಗೆ ಕರೆಂಟ್ ಕೊಡುವವರು ಮತ್ತು ಕರೆಂಟ್ ಉರಿಸುವವರ ನಡುವಿನ ಕದನ. ಯಾರು ಗೆದ್ದರೂ ಅನ್ನ ಬೇಯಲು ಇಬ್ಬರೂ ಬೇಕು.

ತಾತುಂಗ್‌ನ ಮಹಿಮೆ ಇಷ್ಟಕ್ಕೇ ಮುಗಿಯುವುದಿಲ್ಲ. ಕಂಪನಿಗೆ ಒಂದು ಗೊಂಬೆಯಿದೆ. ಗುಂಡುಮುಖದ, ಮುದ್ದು ಹುಡುಗನ ಗೊಂಬೆ. 1969ರಿಂದ ಗಿರಾಕಿಗಳಿಗೆ ಉಡುಗೊರೆಯಾಗಿ ಕೊಡುತ್ತಿದ್ದದ್ದು. ಎದೆಯ ಮೇಲೆ ಒಂದು ಸಂಖ್ಯೆ. ಅದು ಆಟಗಾರನ ಜೆರ್ಸಿ ನಂಬರ್ ಅಲ್ಲ, ಕಂಪನಿಯ ವಯಸ್ಸು. 1918ರಲ್ಲಿ ಹುಟ್ಟಿದ ಕಂಪನಿಯಾದ್ದರಿಂದ ಮೊದಲ ಗೊಂಬೆಯ ಎದೆಯಲ್ಲಿ 51. ಹಳೆಯ ಸಾಮಾನು ಕೂಡಿಡುವವರು ಇವತ್ತಿಗೂ ಇದಕ್ಕಾಗಿ ಮುಗಿಬೀಳುತ್ತಾರೆ. ಗೊಂಬೆಯ ಕಂಕುಳಲ್ಲಿ ಒಂದು ಚೆಂಡೂ ಇದೆ. ದೇಶದ ಅತಿ ಹೆಸರುವಾಸಿ ಫುಟ್‌ಬಾಲ್ ತಂಡಗಳಲ್ಲೊಂದನ್ನು ಸಾಕಿದ ಕಂಪನಿಯ ಗೊಂಬೆ ಅಪ್ಪಿಕೊಂಡಿರುವುದು ರಗ್ಬಿ ಚೆಂಡನ್ನು. ಎರಡೂ ತುದಿ ಚೂಪು.

2017 ತೈಪವರ್ ಪಾಲಿಗೆ ಗ್ರಹಚಾರದ ವರ್ಷ. ಆ ಆಗಸ್ಟ್ 15ರ ಸಂಜೆ ದಾತಾನ್ ವಿದ್ಯುತ್ ಸ್ಥಾವರಕ್ಕೆ ಅನಿಲ ಪೂರೈಸುವ ಕವಾಟ, ಗುತ್ತಿಗೆದಾರರ ಕಡೆಯವರ ಎಡವಟ್ಟಿನಿಂದ ಎರಡು ನಿಮಿಷ ಮುಚ್ಚಿಕೊಂಡಿತು. ಅಷ್ಟೇ. ಸ್ಥಾವರದ ಆರೂ ಘಟಕಗಳು ನಿಂತು 60 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು, ಆರ್ಥಿಕ ವ್ಯವಹಾರಗಳ ಸಚಿವರು ಅವತ್ತೇ ರಾಜೀನಾಮೆ ಕೊಟ್ಟರು. ಅದೇ ವರ್ಷ ಲೀಗ್‌ಗೆ ‘ಪ್ರೀಮಿಯರ್’ ಎಂಬ ಹೊಸ ಬೋರ್ಡು ಬಿದ್ದಿತ್ತು. ಹೊಸ ಲೀಗಿನ ಮೊದಲ ಕಪ್ ಗೆದ್ದವರು ರೈಸ್ ಕುಕ್ಕರಿನವರು. ಕರೆಂಟೂ ಹೋಯಿತು, ಕಪ್ಪೂ ಹೋಯಿತು. ಸಚಿವರು ರಾಜೀನಾಮೆ ಕೊಟ್ಟಿದ್ದು ಯಾವುದಕ್ಕೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಫುಟ್‌ಬಾಲಿಗಾಗಿ ಆ ದೇಶದಲ್ಲಿ ಯಾರೂ ರಾಜೀನಾಮೆ ಕೊಡುವುದಿಲ್ಲ.

ಇನ್ನು ವೃತ್ತಿಪರತೆಯ ವಿಷಯ. ಏಷ್ಯಾ ಫುಟ್‌ಬಾಲ್ ಒಕ್ಕೂಟಕ್ಕೆ ಬಡದೇಶಗಳ ಕ್ಲಬ್ಬುಗಳ ಮೇಲೆ ಕನಿಕರ ಹುಟ್ಟಿ 2005ರಲ್ಲಿ ಪ್ರೆಸಿಡೆಂಟ್ಸ್ ಕಪ್ ಎಂಬ ಮೂರನೇ ದರ್ಜೆಯ ಟೂರ್ನಿ ತೆರೆದಿತ್ತು. ಬೇರೆ ಬೇರೆ ವರ್ಷಗಳಲ್ಲಿ ಅಲ್ಲಿಗೆ ಬಂದವರನ್ನು ನೋಡಿದರೆ ಇದು ಟೂರ್ನಿಯೋ, ಸಚಿವಾಲಯಗಳ ಸಮನ್ವಯ ಸಭೆಯೋ ಎನಿಸುತ್ತದೆ. ನೇಪಾಳದಿಂದ ಪೊಲೀಸರು. ಶ್ರೀಲಂಕಾದಿಂದ ಸೇನೆ. ಪಾಕಿಸ್ತಾನದಿಂದ ವಾಪ್ಡಾ, ಅಂದರೆ ಆ ದೇಶದ ನೀರು ಮತ್ತು ವಿದ್ಯುತ್ ಪ್ರಾಧಿಕಾರ. ಏಷ್ಯಾದ ವಿದ್ಯುತ್ ಇಲಾಖೆಗಳಲ್ಲಿ ತೈಪವರ್ ಒಂಟಿಯೇನಲ್ಲ! 2011ರ ಫೈನಲ್ ಕಾವೋಶಿಯುಂಗ್‌ನಲ್ಲೇ ನಡೆಯಿತು. ಎದುರಾಳಿ ಕಾಂಬೋಡಿಯಾದ ನಾಮ್ ಪೆನ್ ಕ್ರೌನ್. ಹೆಸರಿನಲ್ಲೇ ಕಿರೀಟ ಇಟ್ಟುಕೊಂಡು ಬಂದವರನ್ನು ನಮ್ಮ ಕಂಬದವರು 3-2ರಿಂದ ಸೋಲಿಸಿ ಕಳಿಸಿದರು. ಏಷ್ಯಾ ಮಟ್ಟದಲ್ಲಿ ತೈವಾನಿನ ಕ್ಲಬ್ಬೊಂದು ಕಪ್ ಗೆದ್ದದ್ದು ಅದೇ ಮೊದಲು. ಮೂರು ವರ್ಷ ಕಳೆದದ್ದೇ ಒಕ್ಕೂಟ ಆ ಟೂರ್ನಿಯನ್ನೇ ಮುಚ್ಚಿತು.

ಅದೇ ಒಕ್ಕೂಟದ, ಮೇಲಿನ ದರ್ಜೆಯ ಎಎಫ್‌ಸಿ ಕಪ್‌ಗೆ ಹೋಗಬೇಕೆಂದರೆ ಕ್ಲಬ್ ಲೈಸೆನ್ಸ್ ಬೇಕಿತ್ತು. ಲೈಸೆನ್ಸ್ ಅಂದರೆ ಲೆಕ್ಕಪತ್ರ, ಯುವತಂಡ, ತರಬೇತುದಾರರ ಪ್ರಮಾಣಪತ್ರ. ಒಟ್ಟಿನಲ್ಲಿ ‘ನಾವು ನಿಜಕ್ಕೂ ಫುಟ್‌ಬಾಲ್ ಕ್ಲಬ್ಬೇ, ಯಾವುದೋ ಕಂಪನಿಯ ಮನರಂಜನಾ ಸಂಘವಲ್ಲ’ ಎಂಬ ಪುರಾವೆ. 2017ರ ಚಾಂಪಿಯನ್ ತಾತುಂಗ್. ಆದರೆ ಮರುವರ್ಷ ದ್ವೀಪದ ಪರವಾಗಿ ಎಎಫ್‌ಸಿ ಕಪ್‌ಗೆ ಹೋದದ್ದು ಹಾಂಗ್ ಯುವಾನ್, ಫು ಜೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ನಂಟಿನ ತಂಡ. ಗೆದ್ದವರು ಮನೆಯಲ್ಲಿ ಅನ್ನಕ್ಕಿಟ್ಟುಕೊಂಡು ಕುಳಿತರು; ಕಾಲೇಜು ಹುಡುಗರು ಗಂಟುಮೂಟೆ ಕಟ್ಟಿ ಹೊರಟರು. ಅವರ ಗುಂಪಿನಲ್ಲಿ ಯಾರಿದ್ದರು? ‘ಏಪ್ರಿಲ್ 25’. ಉತ್ತರ ಕೊರಿಯಾ ಸೇನೆಯ ತಂಡ. ಕ್ಯಾಥೊಲಿಕ್ ಕಾಲೇಜಿನ ಹುಡುಗರನ್ನು ಕಮ್ಯುನಿಸ್ಟ್ ಸೇನೆಯ ಎದುರು ನಿಲ್ಲಿಸುವ ಧೈರ್ಯ ಶೀತಲ ಸಮರದ ಕಾಲದಲ್ಲೂ ಯಾರಿಗೂ ಬಂದಿರಲಿಲ್ಲ.

ಕ್ರೀಡಾಂಗಣಗಳ ಕಥೆ ಇನ್ನೂ ಸೊಗಸು. ತೈಪೆಯಲ್ಲಿ 1989ರಲ್ಲಿ ಝೋಂಗ್‌ಶಾನ್ ಕ್ರೀಡಾಂಗಣ ತೆರೆಯಿತು. ಫುಟ್‌ಬಾಲಿಗೆಂದೇ ಕಟ್ಟಿದ್ದು, ಅಥ್ಲೆಟಿಕ್ಸ್ ಟ್ರ್ಯಾಕ್ ಇಲ್ಲದ್ದು. ಪಕ್ಕದಲ್ಲೇ ಸೋಂಗ್‌ಶಾನ್ ವಿಮಾನ ನಿಲ್ದಾಣದ ದಾರಿ, ಇಳಿಯುವ ವಿಮಾನಗಳು ನೆತ್ತಿ ಸವರಿಕೊಂಡು ಹೋಗುತ್ತಿದ್ದವು. ಇಪ್ಪತ್ತು ವರ್ಷ ಕಳೆಯುತ್ತಲೇ ನಗರಾಡಳಿತಕ್ಕೆ ಜ್ಞಾನೋದಯವಾಯಿತು. 2010ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಪುಷ್ಪ ಪ್ರದರ್ಶನ ಇದೆ, ಇಷ್ಟು ದೊಡ್ಡ ಹುಲ್ಲಿನ ಜಾಗ ಸುಮ್ಮನೆ ಬಿದ್ದಿದೆಯಲ್ಲ! ಸರಿ, ಮೇಲೆ ಚಾವಣಿ ಹಾಕಿ ಹೂವಿನ ಮಂಟಪ ಮಾಡಿದರು. ಪ್ರದರ್ಶನ ಮುಗಿಯಿತು, ಹೂವು ಬಾಡಿತು, ಫುಟ್‌ಬಾಲ್ ಮಾತ್ರ ವಾಪಸ್ ಬರಲಿಲ್ಲ. ಈಗ ಅಲ್ಲಿ ಮೇಳ, ವಸ್ತುಪ್ರದರ್ಶನ, ಸಮಾರಂಭಗಳು. ಕೆರೆ ಮುಚ್ಚಿ ಬಸ್ ನಿಲ್ದಾಣ ಕಟ್ಟಿದ ಬೆಂಗಳೂರಿನವನಾದ ನನಗೆ ಇದನ್ನು ಆಡಿಕೊಳ್ಳುವ ಹಕ್ಕು ಎಷ್ಟಿದೆಯೋ, ಹೋಗಲಿ ಬಿಡಿ.

ದಕ್ಷಿಣದಲ್ಲಿ, ತೈಪವರ್ ತಂಡದ ಕಾವೋಶಿಯುಂಗ್‌ನಲ್ಲಿ, 2009ರ ವರ್ಲ್ಡ್ ಗೇಮ್ಸ್‌ಗೆಂದು ಭವ್ಯವಾದ ರಾಷ್ಟ್ರೀಯ ಕ್ರೀಡಾಂಗಣ ಕಟ್ಟಿದರು. ಜಪಾನಿನ ವಾಸ್ತುಶಿಲ್ಪಿ ತೊಯೊ ಇತೊ ವಿನ್ಯಾಸ. ಸುಮಾರು 55,000 ಜನ ಕೂರಬಹುದು. ಚಾವಣಿಯ ತುಂಬ ಸೌರಫಲಕಗಳು, ಎಣಿಸಿದರೆ 8,844. ವರ್ಷಕ್ಕೆ 11 ಲಕ್ಷ ಯೂನಿಟ್‌ಗೂ ಹೆಚ್ಚು ವಿದ್ಯುತ್ ಹುಟ್ಟುತ್ತದೆ, ಮಿಕ್ಕಿದ್ದು ಗ್ರಿಡ್ಡಿಗೆ ಮಾರಾಟ. ಗ್ರಿಡ್ ಯಾರದು? ತೈಪವರ್‌ದೇ. ಇದೇ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯಗಳೂ ನಡೆದಿವೆ. 55,000 ಕುರ್ಚಿಗಳ ನಡುವೆ ಚದುರಿ ಕುಳಿತ ಬೆರಳೆಣಿಕೆಯ ಜನ, ಅವರಲ್ಲೂ ಅರ್ಧ ಆಟಗಾರರ ನೆಂಟರು ಎಂದರೆ ನಾನು ನಂಬುತ್ತೇನೆ. ಅವತ್ತು ಅಲ್ಲಿ ನಿಯತ್ತಾಗಿ ದುಡಿಯುವುದು ಚಾವಣಿ ಒಂದೇ. ಆ ಕುರ್ಚಿಗಳು ತುಂಬುವುದು 2023ರಲ್ಲಿ ಕೋಲ್ಡ್‌ಪ್ಲೇ ಬಂದಾಗ, ಬ್ಲ್ಯಾಕ್‌ಪಿಂಕ್ ಬಂದಾಗ. ಆ ರಾತ್ರಿಗಳಲ್ಲಿ ಚಾವಣಿ ಮಲಗಿರುತ್ತದೆ, ತೈಪವರ್ ಮೀಟರ್ ಓಡುತ್ತಿರುತ್ತದೆ.

ಜನ ಬರುವುದಿಲ್ಲ ಏಕೆಂದರೆ ಅವರೆಲ್ಲ ಬೇಸ್‌ಬಾಲ್ ನೋಡಲು ಹೋಗಿದ್ದಾರೆ. ಆ ದೇಶದ 500 ಡಾಲರ್ ನೋಟಿನ ಮೇಲೆ ಬೇಸ್‌ಬಾಲ್ ಆಡುವ ಶಾಲಾಮಕ್ಕಳ ಚಿತ್ರವೇ ಇದೆ. 2020ರಲ್ಲಿ ಪ್ರೇಕ್ಷಕರನ್ನು ಬಿಡುವಂತಿಲ್ಲ ಎಂದಾದಾಗ ತಾವ್‌ಯುವಾನ್‌ನ ಬೇಸ್‌ಬಾಲ್ ತಂಡ ಡೋಲು ಬಡಿಯುವ ರೋಬಾಟ್‌ಗಳನ್ನು ಗ್ಯಾಲರಿಯಲ್ಲಿ ಕೂರಿಸಿತು. ಫುಟ್‌ಬಾಲಿನವರಿಗೆ ಆ ಖರ್ಚು ಉಳಿಯಿತು. ಖಾಲಿ ಗ್ಯಾಲರಿ ಅವರಿಗೆ ಹೊಸದಾಗಿರಲಿಲ್ಲ.

ನಾವು ನಗುವುದು ಬೇಡ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಇದೇ ತೈವಾನನ್ನು 5-0ರಿಂದ ಬಗ್ಗುಬಡಿಯಿತು. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ಮುಂಬೈಯಂಥ ಮುಂಬೈಯಲ್ಲಿ ಅದನ್ನು ಕಣ್ಣಾರೆ ನೋಡಿದವರು 2,569 ಮಂದಿ. ಬೈಯಲಿಕ್ಕಾದರೂ ಬನ್ನಿ ಎಂದು ಛೆಟ್ರಿ ವಿಡಿಯೊದಲ್ಲಿ ಕೈಮುಗಿಯಬೇಕಾಯಿತು.

ಆ ಪಂದ್ಯದ ಸ್ಕೋರ್‌ಕಾರ್ಡಿನಲ್ಲಿ ‘ತೈವಾನ್’ ಎಂದು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ‘ಚೈನೀಸ್ ತೈಪೆ’. ತೈವಾನ್ ತನ್ನದೇ ಭಾಗ ಎನ್ನುವ ಚೀನಾದ ಜೊತೆಗಿನ ಹಳೆಯ ರಾದ್ಧಾಂತ ಇದು. 1954 ಮತ್ತು 1958ರ ಏಷ್ಯನ್ ಗೇಮ್ಸ್‌ನಲ್ಲಿ ‘ಚೀನಾ ಗಣರಾಜ್ಯ’ (ತೈವಾನಿನ ಅಧಿಕೃತ ಹೆಸರು) ಫುಟ್‌ಬಾಲ್ ಚಿನ್ನ ಗೆದ್ದಿತ್ತು. ಆಡಿದವರು ಹಾಂಗ್‌ಕಾಂಗ್‌ನಿಂದ ಎರವಲು ತಂದ ಆಟಗಾರರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ದ್ವೀಪದ ಹಳೆಯ ಹೆಸರಾದ ‘ಫಾರ್ಮೋಸಾ’ ಎಂದು ಮೆರವಣಿಗೆ ಹೋಗಿ ಎಂದರು. ಹೋದರು, ಆದರೆ ‘ಪ್ರತಿಭಟನೆಯೊಂದಿಗೆ’ ಎಂಬ ಫಲಕ ಹಿಡಿದು. 1974ರಲ್ಲಿ ಏಷ್ಯಾ ಒಕ್ಕೂಟ ಚೀನಾವನ್ನು ಸೇರಿಸಿಕೊಂಡು ಇವರನ್ನು ಹೊರದಬ್ಬಿತು. ಆಮೇಲೆ 1989ರವರೆಗೆ ಇವರು ಆಡಿದ್ದು ಓಷಿಯಾನಿಯಾದಲ್ಲಿ, ನ್ಯೂಜಿಲೆಂಡ್, ಫಿಜಿಗಳ ಜೊತೆ. ಹೆಣ್ಣುಮಕ್ಕಳು ಮಾತ್ರ ಈ ಗಲಾಟೆಗೆ ಸೊಪ್ಪು ಹಾಕದೆ 1977, 1979, 1981ರಲ್ಲಿ ಏಷ್ಯಾ ಚಾಂಪಿಯನ್ ಆದರು. 1979ರ ಟೂರ್ನಿ ನಡೆದದ್ದು 1980ರ ಜನವರಿಯಲ್ಲಿ, ನಮ್ಮ ಕಲ್ಲಿಕೋಟೆಯಲ್ಲಿ. ಫೈನಲ್‌ನಲ್ಲಿ ಸೋತವರು ಭಾರತದ ಹುಡುಗಿಯರು.

‘ಚೈನೀಸ್ ತೈಪೆ’ ಎಂಬ ನಾಮಕರಣಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮುಹೂರ್ತ ಇಟ್ಟದ್ದು 1979ರಲ್ಲಿ. ತೈಪವರ್ ತಂಡ ಹುಟ್ಟಿದ ವರ್ಷವೂ ಅದೇ. ದೇಶದ ತಂಡ ‘ತೈವಾನ್’ ಎಂದು ಅಂಗಿಯ ಮೇಲೆ ಬರೆದುಕೊಂಡರೆ ಅಂತರರಾಷ್ಟ್ರೀಯ ಬಿಕ್ಕಟ್ಟು. ವಿದ್ಯುತ್ ಕಂಪನಿ ಬರೆದುಕೊಂಡರೆ? ಅದು ನೋಂದಾಯಿತ ಕಂಪನಿಯ ಹೆಸರು ಸ್ವಾಮಿ, ಯಾರೇನು ಮಾಡಲಾದೀತು. 2011ರಲ್ಲಿ ಏಷ್ಯಾದ ಕಪ್ ಎತ್ತಿದ್ದು ‘ತೈವಾನ್ ಪವರ್ ಕಂಪನಿ’, ಪಕ್ಕದಲ್ಲಿ ಸಣ್ಣದಾಗಿ ‘ಚೈನೀಸ್ ತೈಪೆ’. ರಾಯಭಾರಿಗಳು ನಲವತ್ತು ವರ್ಷ ಬೆವರು ಸುರಿಸಿ ಮಾಡಲಾಗದ್ದನ್ನು ಬಿಲ್ ವಸೂಲಿಯವರು ಮಾಡಿದ್ದರು.

ಕೊನೆಗೆ ಜನರನ್ನೇ ಕೇಳೋಣ ಎಂದು ಕೆಲವರು ಹೊರಟರು. 2020ರ ಟೋಕಿಯೊ ಒಲಿಂಪಿಕ್ಸ್‌ಗೆ ‘ತೈವಾನ್’ ಹೆಸರಿನಲ್ಲೇ ಹೋಗೋಣವೇ ಎಂಬ ಜನಮತಗಣನೆ. ಸಹಿ ಸಂಗ್ರಹ ನಡೆದಿದ್ದಂತೆಯೇ, 2018ರ ಜುಲೈನಲ್ಲಿ, ಚೀನಾದ ಒತ್ತಡಕ್ಕೆ ತೈಚುಂಗ್ ನಗರದ ಪೂರ್ವ ಏಷ್ಯಾ ಯುವ ಕ್ರೀಡಾಕೂಟ ರದ್ದಾಯಿತು. ಒಲಿಂಪಿಕ್ ಸಮಿತಿಯೂ ಬೆರಳು ತೋರಿಸಿ ಎಚ್ಚರಿಸಿತು. ನವೆಂಬರ್ 24ರಂದು ಮತ ಬಿತ್ತು, ಪ್ರಸ್ತಾಪವೂ ಬಿತ್ತು. ಆಟಗಾರರು ಮನೆಯಲ್ಲಿ ಕೂರುವಂತಾದೀತು ಎಂಬ ಹೆದರಿಕೆ ಗೆದ್ದಿತ್ತು. ಅವತ್ತು ಮತದಾರರ ಮುಂದಿದ್ದ ಹತ್ತು ಪ್ರಶ್ನೆಗಳಲ್ಲಿ ಮೂರು ಕರೆಂಟಿಗೆ ಸಂಬಂಧಿಸಿದವು: ಉಷ್ಣ ವಿದ್ಯುತ್ತನ್ನು ವರ್ಷಕ್ಕೆ ಕನಿಷ್ಠ 1 ಪ್ರತಿಶತ ಇಳಿಸುವುದು, ಹೊಸ ಕಲ್ಲಿದ್ದಲು ಸ್ಥಾವರಗಳನ್ನು ನಿಲ್ಲಿಸುವುದು, 2025ಕ್ಕೆ ಅಣುವಿದ್ಯುತ್ ಮುಚ್ಚಬೇಕೆಂಬ ಕಾನೂನಿನ ಕಲಮು ಕಿತ್ತುಹಾಕುವುದು. ಮೂರೂ ಪಾಸಾದವು.