ಟರ್ಕಿಗೆ ಹೋಗುವವರೇ, ಎದಿರ್ನೆಗೆ ಒಂದು ದಿನ ಕೊಡಿ

ನಮ್ಮ ಕಡೆಯಿಂದ ಟರ್ಕಿಗೆ ಹೋಗಿ ಬಂದವರ ಫೋಟೊಗಳಲ್ಲಿ ಊರುಗಳು ಹೆಚ್ಚುಕಡಿಮೆ ಅವವೇ. ಇಸ್ತಾಂಬುಲ್, ಕಪಡೋಕಿಯಾದ ಬಲೂನು, ಪಾಮುಕ್ಕಲೆ, ಅಂತಲ್ಯಾದ ಸಮುದ್ರ. ಎಲ್ಲವೂ ನೋಡಬೇಕಾದ್ದೇ. ಆದರೆ ಇಸ್ತಾಂಬುಲ್‌ನಿಂದ ಸುಮಾರು 240 ಕಿ.ಮೀ. ದೂರದಲ್ಲಿ ಎದಿರ್ನೆ ಅಂತ ಒಂದು ಊರಿದೆ. ನಮ್ಮ ಟೂರ್ ಪ್ಯಾಕೇಜುಗಳಲ್ಲಿ ಅದರ ಹೆಸರು ಕಾಣುವುದೇ ಅಪರೂಪ. ನನಗಂತೂ ಇದು ತುಂಬಾ ಬೇಜಾರಿನ ವಿಷಯ.

ಗ್ರೀಸ್, ಬಲ್ಗೇರಿಯಾ ಎರಡರ ಗಡಿಗೂ ಹತ್ತಿರ ಇರುವ ಊರು ಇದು. ರೋಮನ್ ಚಕ್ರವರ್ತಿ ಹೇಡ್ರಿಯನ್ ತನ್ನ ಹೆಸರಿಟ್ಟು ಬೆಳೆಸಿದ. 378ರಲ್ಲಿ ಇದರ ಹೊರಗೆ ಗೋಥರೊಂದಿಗೆ ನಡೆದ ಯುದ್ಧದಲ್ಲಿ ಇನ್ನೊಬ್ಬ ಚಕ್ರವರ್ತಿ ವೇಲೆನ್ಸ್ ಸತ್ತ. 14ನೇ ಶತಮಾನದಲ್ಲಿ ಆಟೊಮನ್ ತುರ್ಕರ ಕೈಗೆ ಬಂತು. 1453ರಲ್ಲಿ ಇಸ್ತಾಂಬುಲ್ ಗೆಲ್ಲುವವರೆಗೂ ಅವರ ರಾಜಧಾನಿ ಇದೇ. 1912-13ರ ಬಾಲ್ಕನ್ ಯುದ್ಧದಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಅನುಭವಿಸಿತು. ಯುದ್ಧದ ಕಥೆ ಇಷ್ಟು ಸಾಕು. ನಾನು ಹೇಳಬೇಕು ಅಂದುಕೊಂಡಿದ್ದು ಒಂದು ಆಸ್ಪತ್ರೆಯ ಬಗ್ಗೆ.

ತುಂಜಾ ನದಿಯ ದಡದಲ್ಲಿ ಸುಲ್ತಾನ್ ಎರಡನೇ ಬಾಯೆಜಿದ್ ಕಟ್ಟಿಸಿದ ದೊಡ್ಡ ಸಮುಚ್ಚಯವಿದೆ. 1484ರಲ್ಲಿ ಶುರುವಾಗಿ 1488ರಲ್ಲಿ ಮುಗಿದದ್ದು. ಮಸೀದಿ, ವೈದ್ಯಕೀಯ ಕಲಿಸುವ ಶಾಲೆ, ಬಡವರಿಗೆ ಊಟ ಹಾಕುವ ಅಡುಗೆಮನೆ, ಜೊತೆಗೆ ಆಸ್ಪತ್ರೆ. ಆಸ್ಪತ್ರೆಯ ಒಳಭಾಗದಲ್ಲಿ ಗುಮ್ಮಟದ ಕೆಳಗೆ ಒಂದು ಹಜಾರ. ನಡುವೆ ಕಾರಂಜಿ. ಸುತ್ತಲೂ ರೋಗಿಗಳ ಕೋಣೆಗಳು. ಒಂದು ಬದಿಗೆ ಸಂಗೀತಗಾರರು ಕೂರುವ ಜಗಲಿ. ಅಲ್ಲಿ ನುಡಿಸಿದರೆ ಯಾವ ಕೋಣೆಗೂ ಕೇಳಿಸಬೇಕು, ಹಾಗೆ ಕಟ್ಟಿದ್ದಾರೆ.

ಮನಸ್ಸಿನ ಕಾಯಿಲೆ ಇದ್ದವರಿಗೆ ಇಲ್ಲಿ ಸಂಗೀತವೇ ಒಂದು ಔಷಧಿ. ವಾರಕ್ಕೆ ಮೂರು ದಿನ ಹತ್ತು ಮಂದಿ ಕಲಾವಿದರು ಬಂದು ಹಾಡಿ ನುಡಿಸುತ್ತಿದ್ದರು ಅಂತ 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿಟ್ಟಿದ್ದಾನೆ. ಹೂವಿನ ಪರಿಮಳ, ನೀರಿನ ಸದ್ದು, ಒಳ್ಳೆಯ ಊಟ ಕೂಡ ಚಿಕಿತ್ಸೆಯಲ್ಲಿ ಸೇರಿದ್ದವು. ಕೆಲವರಿಗೆ ಸರಪಳಿ ಹಾಕುತ್ತಿದ್ದದ್ದನ್ನೂ ಅವನು ಮುಚ್ಚಿಟ್ಟಿಲ್ಲ. ಹಾಗಾಗಿ ಎಲ್ಲವೂ ಚಿನ್ನದಂಥ ಕಾಲ ಅಂತ ನಾನು ಹೇಳಲ್ಲ. ಆದರೂ ಯೋಚಿಸಿ. ಬುದ್ಧಿ ಕೆಟ್ಟವರು ಅಂತ ಮನೆಯವರೇ ಕೈಬಿಡುವಂಥ ಜನರಿಗಾಗಿ ಐನೂರು ವರ್ಷದ ಹಿಂದೆ ಒಬ್ಬ ದೊರೆ ಕಾರಂಜಿ ಇಡಿಸಿದ, ಹಾಡುಗಾರರಿಗೆ ಜಾಗ ಮಾಡಿಸಿದ. ಇವತ್ತಿಗೂ ಎಷ್ಟು ಆಸ್ಪತ್ರೆಗಳಲ್ಲಿ ರೋಗಿಯ ಕಿವಿಗೆ ಏನು ಬೀಳುತ್ತದೆ ಅಂತ ಯಾರಾದರೂ ಯೋಚಿಸುತ್ತಾರೆ, ಹೇಳಿ? ಈಗ ಅದು ತ್ರಾಕ್ಯಾ ವಿಶ್ವವಿದ್ಯಾಲಯದ ಆರೋಗ್ಯ ಮ್ಯೂಸಿಯಂ. 2004ರಲ್ಲಿ ಯುರೋಪ್ ಕೌನ್ಸಿಲ್‌ನ ಮ್ಯೂಸಿಯಂ ಪ್ರಶಸ್ತಿ ಬಂದಿದೆ.

1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿದಾಗ ಅವರಿಗೆ ಬಾಗಿಲು ತೆರೆದವನೂ ಇದೇ ಬಾಯೆಜಿದ್. ಎದಿರ್ನೆಯಲ್ಲಿ ಅವರ ದೊಡ್ಡ ಸಮುದಾಯವೇ ಬೆಳೆಯಿತು. 1905ರ ಬೆಂಕಿಯಲ್ಲಿ ಅವರ ಪ್ರಾರ್ಥನಾ ಮಂದಿರಗಳು ಸುಟ್ಟುಹೋದ ಮೇಲೆ 1909ರಲ್ಲಿ ಒಂದು ಭವ್ಯ ಸಿನಗಾಗ್ ಎದ್ದಿತು. ಆದರೆ 1934ರಲ್ಲಿ ಈ ಭಾಗದ ಯಹೂದಿಗಳ ಮೇಲೆ ದಾಳಿಗಳು ನಡೆದವು, ಸಾವಿರಾರು ಜನ ಮನೆ ಬಿಟ್ಟು ಹೋದರು. ಪಾಳುಬಿದ್ದಿದ್ದ ಸಿನಗಾಗ್ 2015ರಲ್ಲಿ ದುರಸ್ತಿಯಾಗಿ ತೆರೆಯಿತು. ಕಟ್ಟಡ ಚೆನ್ನಾಗಿ ಹೊಳೆಯುತ್ತಿದೆ, ಪ್ರಾರ್ಥನೆಗೆ ಬರುವ ಜನ ಊರಲ್ಲಿಲ್ಲ. ಆಸ್ಪತ್ರೆ ನೋಡಿದವರು ಇದನ್ನೂ ನೋಡಲೇಬೇಕು. ಒಂದನ್ನು ಹೊಗಳಿ ಇನ್ನೊಂದನ್ನು ಬಿಟ್ಟರೆ ಊರಿಗೆ ಅನ್ಯಾಯ.

ನಮಗೂ ಈ ಊರಿಗೂ ಒಂದು ಎಳೆ ಇದೆ. ಊರ ನಡುವಿನ ಉಚ್ ಶೆರೆಫೆಲಿ ಮಸೀದಿ ಕಟ್ಟಿಸಿದವನು ಸುಲ್ತಾನ್ ಎರಡನೇ ಮುರಾದ್. 1451ರಲ್ಲಿ ಅವನು ತೀರಿಕೊಂಡದ್ದೂ ಎದಿರ್ನೆಯಲ್ಲೇ. ಬಿಜಾಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಈ ಮುರಾದನ ಮಗ, ಅಣ್ಣನ ಕೈಗೆ ಸಿಗದಂತೆ ಪಾರಾಗಿ ಬಂದವನು ಅಂತ ಮುಂದೆ ಬಿಜಾಪುರದ ದರ್ಬಾರಿನಲ್ಲಿದ್ದ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಇತಿಹಾಸ ಬಲ್ಲವರು ಇದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೂ ಬಿಜಾಪುರದವರು ಆ ಅಂಗಳದಲ್ಲಿ ನಿಂತರೆ ಮೈ ಜುಮ್ ಅನ್ನದೇ ಇರುತ್ತಾ?

ಇನ್ನು ಸೆಲಿಮಿಯೆ ಮಸೀದಿ. ಎಂಬತ್ತರ ಆಸುಪಾಸಿನ ಆಟೊಮನ್ ವಾಸ್ತುಶಿಲ್ಪಿ ಸಿನಾನ್ 1575ರ ಹೊತ್ತಿಗೆ ಮುಗಿಸಿದ ಕೆಲಸ. ಇದೇ ತನ್ನ ಅತ್ಯುತ್ತಮ ಕೃತಿ ಅಂತ ಅವನೇ ಹೇಳಿಕೊಂಡಿದ್ದ. ಗುಮ್ಮಟದ ಅಗಲ 31 ಮೀಟರ್ ಚಿಲ್ಲರೆ. ನಮ್ಮ ಗೋಲಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್, ಅಂದರೆ ನಮ್ಮದೇ ದೊಡ್ಡದು! ಆದರೆ ಸೆಲಿಮಿಯೆಯ ಸೊಗಸು ಅಳತೆಯಲ್ಲಿಲ್ಲ. ಎಂಟು ಕಂಬಗಳನ್ನು ಗೋಡೆಯ ಹತ್ತಿರಕ್ಕೆ ಸರಿಸಿ, ಸಾಲು ಸಾಲು ಕಿಟಕಿ ಇಟ್ಟಿದ್ದಾನೆ. ಎಲ್ಲಿ ನಿಂತರೂ ಬೆಳಕು. ಇತ್ತೀಚಿನ ವರ್ಷಗಳಲ್ಲಿ ದೊಡ್ಡ ದುರಸ್ತಿ ನಡೆದಿದೆ, ಹೋಗುವ ಮೊದಲು ವಿಚಾರಿಸಿಕೊಳ್ಳಿ.

ಮಾಂಸ ತಿನ್ನುವವರು ಊರಿನ ಲಿವರ್ ಫ್ರೈ ಬಿಡಬೇಡಿ. ಕರುವಿನ ಲಿವರ್ ಅನ್ನು ಎಲೆಯಷ್ಟು ತೆಳ್ಳಗೆ ಕೊಯ್ದು, ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಪಕ್ಕಕ್ಕೆ ಕರಿದ ಒಣಮೆಣಸಿನಕಾಯಿ, ಥೇಟ್ ನಮ್ಮ ಊಟಕ್ಕೆ ನಂಜಿಕೊಳ್ಳುವ ಹಾಗೆ. ಸಸ್ಯಾಹಾರಿಗಳಿಗೆ ಬಾದಾಮಿ ಮಿಠಾಯಿ ಇದೆ. ಬೇಸಿಗೆಯಲ್ಲಿ ಹೋದರೆ ಕಿರ್ಕ್‌ಪಿನಾರ್ ಕುಸ್ತಿ ಸಿಗಬಹುದು. ಚರ್ಮದ ಚಡ್ಡಿ ತೊಟ್ಟು, ಮೈಗೆಲ್ಲ ಎಣ್ಣೆ ಸುರಿದುಕೊಂಡು ಹುಲ್ಲಿನ ಮೇಲೆ ಸೆಣಸುತ್ತಾರೆ. ಮೂರು ವರ್ಷ ಬಿಡದೆ ಗೆದ್ದವನಿಗೆ ಚಿನ್ನದ ಬೆಲ್ಟ್ ಖಾಯಂ.

ಒಂದೇ ದಿನ ಇದ್ದರೆ ಬೆಳಗ್ಗೆ ಮೊದಲು ಆಸ್ಪತ್ರೆಗೇ ಹೋಗಿ. ಮಸೀದಿಗಳು ಊರ ನಡುವೆ ಹತ್ತಿರ ಹತ್ತಿರ ಇವೆ, ಮಧ್ಯಾಹ್ನದ ಮೇಲೆ ನಡೆದುಕೊಂಡೇ ನೋಡಬಹುದು.