ಮೂಗಿಗಿಂತ ಮೂಗುತಿ ಭಾರ

ಪುಟ್ಟ ಪಿಕಪ್‌ಗೆ ದೊಡ್ಡ ಎಂಜಿನ್ ಕೂರಿಸುವ ಹುಕಿ ಬಂದವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ನಮ್ಮ ಭಾವನಿಗೆ ಅದು ಬಂದಾಗ ನಾನು ಸುಮ್ಮನೆ ಟಾರ್ಚ್ ಹಿಡಿದು ನಿಂತೆ. ಟಾರ್ಚ್ ಹಿಡಿಯುವುದರಷ್ಟು ಯಾರೂ ಮೆಚ್ಚದ ಕೆಲಸ ಇನ್ನೊಂದಿಲ್ಲ. ಬೆಳಕು ಎಲ್ಲಿ ಬಿಟ್ಟರೂ ಅದು ತಪ್ಪು ಜಾಗ. ಸ್ಪ್ಯಾನರ್ ಜಾರಿ ಭಾವನ ಬೆರಳು ಜಜ್ಜಿದರೂ ಬೈಗುಳ ನನಗೇ.

"ಹಳೇದು ಬಿಚ್ಚೋದು, ಹೊಸದು ಇಡೋದು. ನಾಲ್ಕು ಬೋಲ್ಟ್ ಕಣೋ ಅಷ್ಟೇ" ಅಂದಿದ್ದರು ಭಾವ. ಹೊರಗೆ ಹೋದದ್ದು 1.6 ಲೀಟರಿನ ನಾಲ್ಕು ಸಿಲಿಂಡರ್. ಒಳಗೆ ಬರಬೇಕಾದದ್ದು 5 ಲೀಟರಿನ, ಎಂಟು ಸಿಲಿಂಡರಿನ ವಿ8, ಪೂರಾ ಎರಕದ ಕಬ್ಬಿಣ, ಕಾಲು ಟನ್ನಿನ ಆಸುಪಾಸು.

ಚೈನ್ ಪುಲ್ಲಿಯಲ್ಲಿ ಇಳಿಸಿದಾಗ ಎಂಜಿನ್ನಿನ ತಳದ ಆಯಿಲ್ ಚೇಂಬರ್ ನೇರ ಹೋಗಿ ಚಾಸಿಯ ಅಡ್ಡಪಟ್ಟಿಯ ಮೇಲೆ ಕೂತಿತು. ಹಿಂದಕ್ಕೆ ತಳ್ಳಿದರೆ ಡ್ಯಾಶ್‌ಬೋರ್ಡ್ ಹಿಂದಿನ ಗೋಡೆ. ಪಕ್ಕಕ್ಕೆ ಸರಿಸಿದರೆ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟೀರಿಂಗ್ ರಾಡನ್ನು ತಬ್ಬಿಕೊಳ್ಳುತ್ತಿತ್ತು. ಉಳಿದದ್ದು ಮೇಲಿನ ದಿಕ್ಕೊಂದೇ. ಎತ್ತರಿಸಿದರು.

ಈಗ ಬಾನೆಟ್ ಮುಚ್ಚುತ್ತದೋ ಇಲ್ಲವೋ ನೋಡಬೇಕಲ್ಲ. ಅದಕ್ಕೊಂದು ಹಳೆಯ ಉಪಾಯವಿದೆ: ಏರ್ ಫಿಲ್ಟರಿನ ಮುಚ್ಚಳದ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು, ಬಾನೆಟ್ ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ ನೋಡುವುದು. ಚಪ್ಪಟೆಯಾದ ಮಣ್ಣು ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಜಾಗ ಅಂತ ಲೆಕ್ಕ. ಆಕ್ಸಿಲರೇಟರ್ ಪೆಡಲ್ ಒತ್ತಿದಾಗ ಎಂಜಿನ್ ತಾನು ಕೂತ ಮೌಂಟಿಂಗ್ ಮೇಲೆ ಒಂದು ಪಕ್ಕಕ್ಕೆ ವಾಲುತ್ತದೆ, ಆದ್ದರಿಂದ ಎರಡು ಬೆರಳಿನಷ್ಟಾದರೂ ಬೇಕು. ನಮ್ಮ ಮಣ್ಣು ಕಾಗದದಷ್ಟು ತೆಳುವಾಗಿತ್ತು. ನಡುವೆ ಒಂದು ತೂತು, ಆ ತೂತಿನಿಂದ ಮುಚ್ಚಳದ ಚಿಟ್ಟೆನಟ್ ನಮ್ಮನ್ನೇ ಇಣುಕಿ ನೋಡುತ್ತಿತ್ತು.

"ಬಾನೆಟ್ ಕತ್ತರಿಸಿದ್ರಾಯ್ತು ಬಿಡು, ಗಾಳೀನೂ ಆಡುತ್ತೆ" ಅಂದರು ಭಾವ.

ಆಮೇಲೆ ಶುರುವಾಯಿತು ಮೆರವಣಿಗೆ. ಹಳೇ ಕ್ಲಚ್ ತಡೆಯೋದಿಲ್ಲ, ಬದಲಿಸು. ಗೇರ್‌ಬಾಕ್ಸ್ ಉದ್ದವಾಯಿತು, ಹಾಗಾದರೆ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸು. ರೇಡಿಯೇಟರ್ ಸಾಲದು. ದೊಡ್ಡದು ತಂದರೆ ಫ್ಯಾನಿಗೆ ಜಾಗವಿಲ್ಲ. ಮುಂದಿನ ಸ್ಪ್ರಿಂಗ್ ಕುಸಿದು ಗಾಡಿ ನೆಲ ಮೂಸುತ್ತಾ ನಿಂತಿತ್ತು, ಗಾದೆ ಕಟ್ಟಿದವರು ಇದನ್ನು ನೋಡಿಯೇ ಕಟ್ಟಿರಬೇಕು. ಬ್ರೇಕಂತೂ ಕೇಳಲೇಬೇಡಿ, ಅದು ಹಳೇ ಎಂಜಿನ್ನಿನ ಓಟಕ್ಕೆ ಮಾಡಿದ್ದು. ಕೊನೆಗೆ ಲೆಕ್ಕ ಹಾಕಿದರೆ ಎಲ್ಲಕ್ಕಿಂತ ಅಗ್ಗಕ್ಕೆ ಬಂದದ್ದು ಎಂಜಿನ್ನೇ.

ಇದು ಬರೀ ಭಾವಂದಿರ ರೋಗವೇನಲ್ಲ. 1991ರಲ್ಲಿ ಜಿಎಂಸಿ ಕಂಪನಿಯೇ ಸೈಕ್ಲೋನ್ ಅಂತ ಪುಟ್ಟ ಪಿಕಪ್ ತಂದಿತ್ತು. 4.3 ಲೀಟರಿನ ಟರ್ಬೊ ವಿ6, 280 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಬಲ. ಹೊರಬಹುದಾದ ಭಾರ ಮಾತ್ರ ಸುಮಾರು 225 ಕೆ.ಜಿ. ಮೂವರು ದಢೂತಿಗಳು ಹತ್ತಿದರೆ ಲೋಡ್ ಫುಲ್.

ಸೈಕ್ಲೋನ್‌ಗೆ ನಾಲ್ಕು ಚಕ್ರದ ಬಲ ಯಾಕೆ ಕೊಟ್ಟರು ಅನ್ನುವುದು ನಮಗೆ ಮೊದಲ ಮಳೆಗೆ ಗೊತ್ತಾಯಿತು. ಭಾರವೆಲ್ಲ ಮುಂದೆ, ಓಡಿಸುವ ಚಕ್ರ ಹಿಂದೆ, ಅದರ ಮೇಲೆ ಖಾಲಿ ತೊಟ್ಟಿ. ಪೆಡಲ್ ಮುಟ್ಟಿದರೆ ಸಾಕು, ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ, ಗಾಡಿಯ ಹಿಂಬದಿ ಮುಂಬದಿಯನ್ನು ಓವರ್‌ಟೇಕ್ ಮಾಡಲು ಹೊರಡುತ್ತದೆ. ಪರಿಹಾರವಾಗಿ ಭಾವ ತೊಟ್ಟಿಯ ತುಂಬ ಮರಳಿನ ಚೀಲ ಪೇರಿಸಿದರು.

ಮೊನ್ನೆ ಅಕ್ಕ ಮನೆ ಬದಲಿಸುವಾಗ ಬೀರು ಸಾಗಿಸೋಣ ಅಂದಳು.

"ಜಾಗ ಎಲ್ಲಿದೆಯೇ? ಮರಳಿದೆಯಲ್ಲ."

"ಇಳಿಸಿ."

"ಇಳಿಸಿದ್ರೆ ಗಾಡಿ ಜಾರುತ್ತೆ."

ಅಕ್ಕ ಮರುಮಾತಾಡದೆ ಫೋನ್ ಮಾಡಿ ಬಾಡಿಗೆಗೆ ಒಂದು ಪಿಕಪ್ ಕರೆಸಿದಳು. ಅದೇ ಮಾಡೆಲ್, ಅದೇ 1.6 ಲೀಟರ್. ಬೀರು, ಮಂಚ, ಮೇಲೆ ಎರಡು ಕುರ್ಚಿ ಹೇರಿಕೊಂಡು ಗುರುಗುಟ್ಟುತ್ತಾ ಹೊರಟಿತು. ಭಾವ ಅದರ ಹಿಂದೆ ತಮ್ಮ ವಿ8ರಲ್ಲಿ ಮರಳು ಹೊತ್ತುಕೊಂಡು ಹೋದರು.